ಕಣ್ಣು, ಕೊಂಡಿ, ಅಂಗೈ ಮೇಲಿನ ಹೃದಯ

ಪ್ರಶ್ನೆ: ಹಳೇ ಕಾಗದಪತ್ರ ಕೂಡಿಡುವುದು ನನ್ನ ಹವ್ಯಾಸ. ಅಮೆರಿಕದಿಂದ ಬಂದ ಒಂದು ಕಟ್ಟಿನಲ್ಲಿ ರೇಷ್ಮೆ ರಿಬ್ಬನ್ನಿನ ಬ್ಯಾಡ್ಜ್ ಸಿಕ್ಕಿದೆ. ಅದರಲ್ಲಿ ಒಂದು ಕಣ್ಣು, ಮೂರು ಕೊಂಡಿಯ ಸರಪಳಿ, ಅಂಗೈ ಮೇಲೆ ಹೃದಯ. ಹಿಂಬದಿ ಪೂರ್ತಿ ಕಪ್ಪು. ಜೊತೆಗಿದ್ದ ಕಾರ್ಡಿನಲ್ಲಿ ಮೂಲೆಮಟ್ಟ, ಕೈವಾರ, ನಡುವೆ ಸುತ್ತಿಗೆ ಹಿಡಿದ ತೋಳು. ಎರಡೂ ಫ್ರೀಮೇಸನ್ನರೆಂಬ ಗುಟ್ಟಿನ ಸೋದರ ಸಂಘದವರವೇ? ಮನೆಯವರು ಇದು ಮಾಟದ್ದು, ಎಸೀರಿ ಅಂತಾರೆ.

ಉತ್ತರ: ದಯವಿಟ್ಟು ಎಸೆಯಬೇಡಿ. ಮಾಟವೂ ಅಲ್ಲ, ಫ್ರೀಮೇಸನ್ನರದ್ದೂ ಅಲ್ಲ. ಕಣ್ಣು ಕಂಡ ಕೂಡಲೇ ಎಲ್ಲರೂ ಮೇಸನ್ ಅಂದುಬಿಡುತ್ತಾರೆ. ಆ ಕಣ್ಣನ್ನು ಹತ್ತಾರು ಸಂಘಗಳು ಬಳಸಿವೆ. ಒಂದು ಡಾಲರ್ ನೋಟಿನ ಹಿಂದೆಯೂ ಅದೇ ಇದೆ, ಅಲ್ವಾ? ಒಂದೇ ಗುರುತು ನೋಡಿ ಹೆಸರು ಹೇಳಬಾರದು. ಯಾವುದರ ಜೊತೆ ಯಾವುದಿದೆ ಎಂದು ನೋಡಬೇಕು.

ನಿಮ್ಮ ರಿಬ್ಬನ್ನಿನಲ್ಲಿ ಗುಟ್ಟು ಬಿಡುವುದು ಕೊಂಡಿಗಳು. ಮೂರು ಕೊಂಡಿ ಅಂದರೆ ಆಡ್ ಫೆಲೋಸ್, ಸದಸ್ಯರು ಒಬ್ಬರಿಗೊಬ್ಬರು ನೆರವಾಗುವ ಸಂಘ. ಥಾಮಸ್ ವೈಲ್ಡಿ ಎಂಬಾತ 1819ರಲ್ಲಿ ಬಾಲ್ಟಿಮೋರ್‌ನಲ್ಲಿ ಇದರ ಅಮೆರಿಕದ ಶಾಖೆ ಶುರು ಮಾಡಿದ. ಲೆನ್ಸ್ ಹಿಡಿದು ನೋಡಿ, ಕೊಂಡಿಗಳೊಳಗೆ ಎಫ್, ಎಲ್, ಟಿ ಅಕ್ಷರಗಳು ಇರಬಹುದು: ಫ್ರೆಂಡ್‌ಶಿಪ್, ಲವ್, ಟ್ರೂತ್, ಅಂದರೆ ಸ್ನೇಹ, ಪ್ರೀತಿ, ಸತ್ಯ. ಅಂಗೈ ಮೇಲಿನ ಹೃದಯವೂ ಇವರಿಗೆ ಬಹಳ ಇಷ್ಟದ ಚಿತ್ರ.

ಇನ್ನು ಆ ಕಪ್ಪು ಬದಿ. ಇಂಥ ಬ್ಯಾಡ್ಜುಗಳನ್ನು ಎರಡೂ ಕಡೆ ಧರಿಸಲೆಂದೇ ಮಾಡುತ್ತಿದ್ದರು. ಮೆರವಣಿಗೆಯ ದಿನ ಬಣ್ಣದ ಬದಿ, ಸದಸ್ಯರೊಬ್ಬರು ತೀರಿಕೊಂಡಾಗ ತಿರುಗಿಸಿ ಕಪ್ಪು ಬದಿ. ಸಾವಿಗೆ ಇಷ್ಟು ಸಿದ್ಧತೆ ಯಾಕೆ ಅಂದರೆ, ಸಂಘದ ಮುಖ್ಯ ಕೆಲಸವೇ ಅದಾಗಿತ್ತು. ಸರ್ಕಾರದ ವಿಮೆ ಇಲ್ಲದ ಕಾಲ. ಸದಸ್ಯರು ಚಂದಾ ಕಟ್ಟುತ್ತಿದ್ದರು. ಕಾಯಿಲೆ ಬಿದ್ದರೆ ಭತ್ಯೆ, ಸತ್ತರೆ ಮಣ್ಣಿನ ಖರ್ಚು, ಹಿಂದುಳಿದ ಹೆಂಡತಿ ಮಕ್ಕಳಿಗೆ ಒಂದಿಷ್ಟು ನೆರವು. ಹಾಗಾಗಿ ಇವರ ಕಾಗದಗಳಲ್ಲಿ ಶವಪೆಟ್ಟಿಗೆ, ಅಸ್ಥಿಪಂಜರ, ಮರಳಿನ ಗಡಿಯಾರ ಧಾರಾಳ. ನಿಮ್ಮ ಮನೆಯವರಿಗೆ ಅವನ್ನು ಮಾತ್ರ ತೋರಿಸಬೇಡಿ!

ಕಾರ್ಡು ಬೇರೆಯವರದ್ದು. ಅಮೆರಿಕದ ಮೇಸನ್ನರಾಗಿದ್ದರೆ ಮೂಲೆಮಟ್ಟ, ಕೈವಾರಗಳ ನಡುವೆ ಸಾಮಾನ್ಯವಾಗಿ ಜಿ ಅಕ್ಷರ ಇರುತ್ತದೆ. ಸುತ್ತಿಗೆ ಹಿಡಿದ ತೋಳು ಇದ್ದರೆ ಅದು ಹೆಚ್ಚಾಗಿ ಜೂನಿಯರ್ ಆರ್ಡರ್ ಆಫ್ ಯುನೈಟೆಡ್ ಅಮೆರಿಕನ್ ಮೆಕ್ಯಾನಿಕ್ಸ್ ಎಂಬ ಇನ್ನೊಂದು ಸಂಘದ್ದು. 1853ರಲ್ಲಿ ಫಿಲಡೆಲ್ಫಿಯಾದಲ್ಲಿ ಹುಟ್ಟಿದ್ದು. ಹೊರದೇಶದಿಂದ ಬಂದವರನ್ನು ಕಂಡರೆ ಇವರಿಗೆ ಆಗುತ್ತಿರಲಿಲ್ಲ. ಮಾರುವವರು ಇದನ್ನೂ ಮೇಸನ್ ಅಂತಲೇ ಮಾರುತ್ತಾರೆ, ಬೆಲೆ ಜಾಸ್ತಿ ಸಿಗಲಿ ಅಂತ.

ಮುಂದೆ ನಿಜವಾದ ಮೇಸನ್ ಕಾಗದ ಸಿಕ್ಕಿ, ಅದರಲ್ಲಿ 5905ನೇ ಇಸವಿ ಅಂತಿದ್ದರೆ ಗಾಬರಿ ಬೇಡ. ಮೇಸನ್ನರು ಇಸವಿಗೆ ನಾಲ್ಕು ಸಾವಿರ ಕೂಡಿಸಿ ಬರೆಯುವುದುಂಟು. ಅಷ್ಟನ್ನು ಕಳೆಯಿರಿ, 1905.

ಬ್ಯಾಡ್ಜಿನ ಪಿನ್ನಿನ ಹಿಂದೆ ಕಾಗದದ ಚೀಟಿ ಇದೆಯಾ ನೋಡಿ. ನ್ಯೂವಾರ್ಕ್‌ನ ವೈಟ್‌ಹೆಡ್ ಅಂಡ್ ಹೋಗ್ ಅಂತಿದ್ದರೆ ಅದು ತಯಾರಿಸಿದ ಕಂಪನಿ, ಸಂಘವಲ್ಲ. ರಿಬ್ಬನ್ನಿನ ಮೇಲೆ ಲಾಡ್ಜ್ (ಸಂಘದ ಸ್ಥಳೀಯ ಘಟಕ) ನಂಬರು, ಊರಿನ ಹೆಸರು ಇದ್ದರೆ ಬರೆದು ಕಳಿಸಿ. ಇವೆರಡಿದ್ದರೆ ಯಾವ ಊರಿನ ಯಾವ ಲಾಡ್ಜ್ ಎಂದು ಹುಡುಕಲು ದಾರಿಯಾಗುತ್ತದೆ. ಒಂದು ಮಾತು: ಒಗೆಯಬೇಡಿ, ಮಡಚಲೂ ಬೇಡಿ. ಹಳೇ ರೇಷ್ಮೆ ಮಡಿಕೆಯಲ್ಲೇ ಸೀಳುತ್ತದೆ.