3 ವರ್ಷದ ಮಗು ‘ಕಾಗೆ’ಯನ್ನು ‘ತಾದೆ’ ಎನ್ನುತ್ತದೆ, ಚಿಂತಿಸಬೇಕೇ?

ಈ ವಯಸ್ಸಿನಲ್ಲಿ ಇದು ಸಾಮಾನ್ಯ. ನಾಲಿಗೆಯ ಹಿಂಭಾಗವನ್ನು ಎತ್ತಿ ನುಡಿಯಬೇಕಾದ ಕ, ಗ ಧ್ವನಿಗಳನ್ನು ಮಕ್ಕಳು ನಾಲಿಗೆಯ ತುದಿಯಿಂದಲೇ ಹೊರಡಿಸುವುದರಿಂದ ಅವು ತ, ದ ಎಂದು ಕೇಳಿಸುತ್ತವೆ. ಹೆಚ್ಚಿನವರಲ್ಲಿ ಇದು 4 ವರ್ಷ ತುಂಬುವ ಹೊತ್ತಿಗೆ ತಾನಾಗಿಯೇ ಸರಿಹೋಗುತ್ತದೆ, ರಕಾರ ಮಾತ್ರ ಇನ್ನೂ ತಡವಾಗಿ ಬರಬಹುದು. ಕುತೂಹಲದ ಸಂಗತಿಯೆಂದರೆ, ನೀವೇ ‘ತಾದೆ’ ಎಂದರೆ ಅದೇ ಮಗು ಒಪ್ಪದೆ ನಿಮ್ಮನ್ನು ತಿದ್ದಲು ಹೊರಡಬಹುದು, ಏಕೆಂದರೆ ನಾಲಿಗೆ ಪಳಗುವ ಮೊದಲೇ ಕಿವಿ ಧ್ವನಿಗಳ ವ್ಯತ್ಯಾಸವನ್ನು ಗುರುತಿಸುತ್ತದೆ. ಆದ್ದರಿಂದ ‘ಸರಿಯಾಗಿ ಹೇಳು’ ಎಂದು ಪದೇ ಪದೇ ಒತ್ತಾಯಿಸುವುದು ನನ್ನ ದೃಷ್ಟಿಯಲ್ಲಿ ವ್ಯರ್ಥ. ‘ಹೌದು, ಕಾಗೆ ಹಾರಿತು’ ಎಂದು ಸರಿಯಾದ ರೂಪವನ್ನು ಸಹಜವಾಗಿ ಕೇಳಿಸಿದರೆ ಸಾಕು. 4 ವರ್ಷದ ನಂತರವೂ ಹೊರಗಿನವರಿಗೆ ಮಾತು ಅರ್ಥವಾಗದಿದ್ದರೆ, ಅಥವಾ ಬರುತ್ತಿದ್ದ ಪದಗಳೇ ಮರೆಯಾದರೆ, ಕಾಯದೆ ಶ್ರವಣ ಪರೀಕ್ಷೆ ಮಾಡಿಸಿ ವಾಕ್ ಚಿಕಿತ್ಸಕರನ್ನು ಕಾಣಬೇಕು.