ಅಪ್ಪನ ಹೆಸರಿನ ತುದಿಯ ‘ನ್’

ಮೊನ್ನೆ ಫೋನಿನಲ್ಲಿ ನೀನು ಕೇಳಿದ ಮಾತು ಇನ್ನೂ ತಲೆಯಲ್ಲಿದೆ. “ನಿಮ್ಮ ಕೇರಳದವರಿಗೆ ಮೂರೇ ಕೆಲಸ ಅಲ್ವಾ, ರಾಜಕೀಯ ಮಾತಾಡೋದು, ಸಿನಿಮಾ ನೋಡೋದು, ಕುಡಿಯೋದು. ಅದಿರಲಿ, ನಿಂಗೆ ಇಷ್ಟು ಚೆನ್ನಾಗಿ ಕನ್ನಡ ಹೇಗೆ ಬರುತ್ತೆ?” ನೀನು ಪ್ರೀತಿಯಿಂದಲೇ ಕೇಳಿದ್ದೆ, ಗೊತ್ತು. ತುಮಕೂರಿನಲ್ಲಿ ಕೂತವನಿಗೆ ಕಾಸರಗೋಡು ಅಂದರೆ 2018ರಲ್ಲಿ ಬಂದ ಆ ಕನ್ನಡ ಶಾಲೆಯ ಸಿನಿಮಾ, ಅಷ್ಟೇ. ಆಗ ನಾನು ಉಪ್ಪಳದಿಂದ ಬಾಯಾರಿಗೆ ಹೋಗುವ ಬಸ್ಸಿನಲ್ಲಿ ನೇತಾಡುತ್ತಿದ್ದೆ. ಈಗ ಸಮಾಧಾನವಾಗಿ ಬರೆಯುತ್ತೇನೆ, ಓದು.

ಕನ್ನಡ ಹೇಗೆ ಬರುತ್ತದೆ ಅಂತ ಕೇಳಿದೆಯಲ್ಲ. ಕಾಸರಗೋಡು ಜಿಲ್ಲೆಯ ಪೈವಳಿಕೆಯಲ್ಲಿ ಹುಟ್ಟಿದವನಿಗೆ ಕನ್ನಡ ಬಾರದೆ ಇನ್ನೇನು ಬರಬೇಕು ಹೇಳು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ, ಉಪ್ಪಳದ ಪೇಟೆಗೆ ಇಳಿದರೆ ಬ್ಯಾರಿ, ಉರ್ದು. ಏಳು ಭಾಷೆಗಳ ಊರು ಅಂತ ನಾವು ಹೇಳಿಕೊಳ್ಳುವುದು ಸುಮ್ನೆ ಅಲ್ಲ. 1956ರ ನವೆಂಬರ್ 1ಕ್ಕೆ ಮೊದಲು ನಾವು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯವರು. ನೀವು ರಾಜ್ಯೋತ್ಸವ ಮಾಡುತ್ತೀರಲ್ಲ, ಅದೇ ದಿನ ನಾವು ಕೇರಳಕ್ಕೆ ಸೇರಿದ್ದು. ಅಜ್ಜ ಅಕ್ಟೋಬರ್ 31ಕ್ಕೆ ಹತ್ತಿದ ತೆಂಗಿನ ಮರಗಳನ್ನೇ ನವೆಂಬರ್ 1ಕ್ಕೂ ಹತ್ತಿದರು. ಮರಗಳು ಈಗಲೂ ಅಲ್ಲೇ ಇವೆ.

ಚಂದ್ರಗಿರಿ ಹೊಳೆಯ ಬಡಗು ಭಾಗ ಕರ್ನಾಟಕಕ್ಕೆ ಸೇರಬೇಕು ಅಂತ 1967ರಲ್ಲಿ ಮಹಾಜನ ಆಯೋಗ ಹೇಳಿತು. ಜಾರಿಯಾಗಲಿಲ್ಲ. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಅದಕ್ಕಾಗಿ ಹೋರಾಡುತ್ತಲೇ ಇದ್ದು, 2015ರಲ್ಲಿ ನೂರರ ವಯಸ್ಸಿನಲ್ಲಿ ತೀರಿಕೊಂಡರು. ಇದಿಷ್ಟು ನಿನಗೆ ಎಲ್ಲಿಯಾದರೂ ಸಿಗುತ್ತದೆ, ಮುಂದೆ ಹೋಗುತ್ತೇನೆ.

ಕುಡಿತದ ವಿಷಯ. ಇದು ನನಗೆ ನಾಟಿತು. ಯಾಕೆಂದರೆ ಅಜ್ಜ ಮೂರ್ತೆ ಕೆಲಸದವರು, ಅಂದರೆ ಕಳ್ಳು ಇಳಿಸುವವರು. ಬಿರಿಯದ ತೆಂಗಿನ ಹೊಂಬಾಳೆಯನ್ನು ಬಿಗಿದು ಕಟ್ಟಿ, ದಿನಾ ಮೆಲ್ಲಗೆ ತಟ್ಟಿ, ತುದಿಯನ್ನು ತೆಳ್ಳಗೆ ಕೊಯ್ದು, ಮಡಕೆ ಸಿಕ್ಕಿಸಿ ಇಳಿಯುತ್ತಿದ್ದರು. ಮಡಕೆಯ ಒಳಗೆ ಸುಣ್ಣ ಹಚ್ಚಿದ್ದರೆ ರಸ ಹುಳಿಯುವುದಿಲ್ಲ, ಅದು ನಮ್ಮಂಥ ಮಕ್ಕಳಿಗೆ. ಸುಣ್ಣವಿಲ್ಲದ್ದು ದೊಡ್ಡವರಿಗೆ. ಬೆಳಿಗ್ಗೆ ಸಿಹಿ, ಸಂಜೆಗೆ ಖಡಕ್ಕು, ಮರುದಿನಕ್ಕೆ ಬರೀ ಹುಳಿ. ಅಜ್ಜ ಮಧ್ಯಾಹ್ನದ ಊಟಕ್ಕೆ ಮೊದಲು ಒಂದು ಕುಡ್ತೆ ಕುಡಿಯುತ್ತಿದ್ದರು, ಎರಡನೆಯದಕ್ಕೆ ಕೈ ಚಾಚಿದ್ದನ್ನು ನಾನು ಕಂಡಿಲ್ಲ. “ಕುಡಿದು ಮರ ಹತ್ತಿದವನನ್ನು ಮರವೇ ಇಳಿಸುತ್ತದೆ” ಅನ್ನುತ್ತಿದ್ದರು.

ಆ ಮಾತನ್ನು ನಾವು ಮೊಮ್ಮಕ್ಕಳು ಗಾಡಿಗೆ ತಂದುಕೊಂಡಿದ್ದೇವೆ. ಮದುವೆಗೋ ಯಕ್ಷಗಾನದ ಆಟಕ್ಕೋ ಹೊರಟರೆ ಮನೆಯ ಜಗಲಿಯಲ್ಲೇ ತೀರ್ಮಾನ. ಕೀ ಯಾರ ಕೈಯಲ್ಲಿದೆಯೋ ಅವನಿಗೆ ನನ್ನಾರಿ ಶರಬತ್ತು. ಒಂದು ಗ್ಲಾಸು ಅಷ್ಟೇ, ಬಿಯರ್ ಅಷ್ಟೇ ಅನ್ನುವ ಮಾತೇ ಇಲ್ಲ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ತಪ್ಪು ಅಂತ ಕಾನೂನು ಹೇಳುತ್ತದೆ. ಆದರೆ ಅಷ್ಟಕ್ಕೂ ಇಷ್ಟಕ್ಕೂ ಲೆಕ್ಕ ಹಾಕುತ್ತಾ ಕೂರುವುದು ಯಾಕೆ? ನಮ್ಮ ಘಾಟಿ ರಸ್ತೆಯ ತಿರುವುಗಳಲ್ಲಿ ಸೋಗೆ ಹೊತ್ತ ಲಾರಿ ಎದುರು ಬರುವಾಗ ಕಣ್ಣು ಪೂರ್ತಿ ನೆಟ್ಟಗಿರಬೇಕು.

ಇನ್ನೂ ಒಂದು. ಸಾರಾಯಿಯನ್ನು ಕೇರಳ 1996ರಲ್ಲೇ ನಿಲ್ಲಿಸಿತು. ನಿಮ್ಮಲ್ಲಿ ನಿಂತದ್ದು 2007ರಲ್ಲಿ. ಇಲ್ಲಿ 23 ವರ್ಷ ತುಂಬದವನಿಗೆ ಕುಪ್ಪಿ ಕೊಡುವಂತಿಲ್ಲ. ತಿಂಗಳ ಒಂದನೇ ತಾರೀಕು ಸರ್ಕಾರಿ ಮದ್ಯದಂಗಡಿ ಮುಚ್ಚಿರುತ್ತದೆ. ಹೌದು, ಸರ್ಕಾರಿ ಅಂಗಡಿಯ ಮುಂದೆ ಉದ್ದ ಸಾಲು ಇರುತ್ತದೆ. ಅಂಗಡಿಗಳೇ ಕಡಿಮೆ, ಅದಕ್ಕೆ ಸಾಲು ಉದ್ದ. ಕುಡಿದು ಮನೆ ಹಾಳು ಮಾಡಿಕೊಂಡವರು ನಮ್ಮಲ್ಲೂ ಇದ್ದಾರೆ, ನನ್ನ ನೆರೆಯಲ್ಲೇ ಇದ್ದಾರೆ. ಅದು ಆ ಮನೆಗಳ ನೋವು. ಅದನ್ನು ಒಂದು ರಾಜ್ಯದ ಹೆಸರಿಗೆ ಅಂಟಿಸಿ ನಗುವುದು ನನಗೆ ಸರಿ ಕಾಣುವುದಿಲ್ಲ.

ರಾಜಕೀಯದ ಮಾತು ಜಾಸ್ತಿ ಅನ್ನುವುದು ಮಾತ್ರ ನಿಜ, ಅದರಲ್ಲಿ ನನಗೆ ಹೆಮ್ಮೆ. ನಮ್ಮ ಊರಿನವರು ವಾದ ಕಲಿತದ್ದು ಪಾರ್ಟಿ ಆಫೀಸಿನಲ್ಲಿ ಅಲ್ಲ, ತಾಳಮದ್ದಳೆಯಲ್ಲಿ. ನೀನು ನೋಡಿರಲಿಕ್ಕಿಲ್ಲ. ಯಕ್ಷಗಾನವೇ, ಆದರೆ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಬಾಯಿಮಾತಿನಲ್ಲಿ ಪಾತ್ರ ಕಟ್ಟುತ್ತಾರೆ. ಬರೆದುಕೊಂಡು ಬಂದದ್ದು ಏನೂ ಇಲ್ಲ. ಬಾಣ ತಿಂದು ಬಿದ್ದ ವಾಲಿ ರಾಮನನ್ನು ಪ್ರಶ್ನೆ ಮಾಡುವುದುಂಟಲ್ಲ, ‘ಮರೆಯಲ್ಲಿ ನಿಂತು ಹೊಡೆದೆ ಯಾಕೆ’ ಅಂತ. ವಾಲಿಯ ಅರ್ಥ ಹೇಳುವವರು ಗಟ್ಟಿಗರಾದರೆ ರಾಮನಿಗೆ ಬೆವರು ಇಳಿಯುತ್ತದೆ. ಯಕ್ಷಗಾನದ ಕವಿ ಪಾರ್ತಿಸುಬ್ಬ ನಮ್ಮ ಕುಂಬಳೆಯವನು. ದೊಡ್ಡ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರೂ ನಮ್ಮ ಕಡೆಯವರೇ. ರಾತ್ರಿ ಅಂಥ ಮಾತು ಕೇಳಿದ ಜನ ಬೆಳಿಗ್ಗೆ ಚಾ ಅಂಗಡಿಯಲ್ಲಿ ಎಡರಂಗ, ಕಾಂಗ್ರೆಸ್ಸಿನ ಐಕ್ಯರಂಗ, ತಾವರೆ ಅಂತ ಕೂತರೆ ಸುಲಭಕ್ಕೆ ಏಳುತ್ತಾರಾ? ಒಬ್ಬರ ಕೈಯಲ್ಲಿ ಕನ್ನಡ ಪೇಪರು, ಇನ್ನೊಬ್ಬರ ಕೈಯಲ್ಲಿ ಮಲಯಾಳದ್ದು. ಜಗಳ ಎಷ್ಟು ಏರಿದರೂ ಚಾದ ದುಡ್ಡನ್ನು ಎದುರು ಪಾರ್ಟಿಯವನೇ ಕೊಟ್ಟು ಹೋಗುವುದನ್ನು ಎಷ್ಟೋ ಸಲ ನೋಡಿದ್ದೇನೆ.

ಸಿನಿಮಾ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅಪ್ಪ ರಾಜ್‌ಕುಮಾರ್, ತಂಗಿ ಮೋಹನ್‌ಲಾಲ್. ಕನ್ನಡ ಸಿನಿಮಾ ದೊಡ್ಡ ಪರದೆಯಲ್ಲಿ ಬೇಕೆಂದರೆ ಮಂಗಳೂರಿಗೆ ಬಸ್ಸು ಹತ್ತುತ್ತೇವೆ. ಹರಕೆಯ ಆಟ ಇದ್ದರೆ ಅದೂ ಬೇಡ, ಗದ್ದೆಯಲ್ಲಿ ಚಾಪೆ ಹಾಸಿದರೆ ಆಯಿತು. ಬೆಳಗಿನವರೆಗೆ ನಡೆಯುತ್ತಿದ್ದ ಆಟ ಈಗ ಹಲವು ಕಡೆ ನಡುರಾತ್ರಿಗೇ ಮುಗಿಯುತ್ತದೆ. ಅದು ನನಗೆ ಬೇಸರ.

ವೋಟಿನ ಹೊತ್ತಿಗೆ ನೀನು ನಮ್ಮ ಕ್ಷೇತ್ರ ಮಂಜೇಶ್ವರಕ್ಕೆ ಬರಬೇಕು. ಪ್ರಚಾರದ ಜೀಪು ಒಂದು ತಿರುವಿನಲ್ಲಿ ಕನ್ನಡ, ಮುಂದಿನ ತಿರುವಿನಲ್ಲಿ ತುಳು, ಪೇಟೆ ಮುಟ್ಟುವಾಗ ಮಲಯಾಳ. ಮಾಪ್ಪಿಳ್ಳೆ ಹಾಡಿನ ಧಾಟಿಗೆ ಅಭ್ಯರ್ಥಿಯ ಹೆಸರು ಹೊಸೆದಿರುತ್ತಾರೆ. 2016ರ ವಿಧಾನಸಭಾ ಚುನಾವಣೆಯಲ್ಲಿ ಇಲ್ಲಿ ಗೆಲುವಿನ ಅಂತರ ಎಷ್ಟು ಗೊತ್ತಾ? 89 ವೋಟು. ಮುಸ್ಲಿಂ ಲೀಗಿನ ಪಿ.ಬಿ. ಅಬ್ದುಲ್ ರಝಾಕ್ ಗೆದ್ದರು, ಬಿಜೆಪಿಯ ಕೆ. ಸುರೇಂದ್ರನ್ ಸೋತರು. 2021ರಲ್ಲಿ ಅದೇ ಸುರೇಂದ್ರನ್ ಎದುರು ಎ.ಕೆ.ಎಂ. ಅಶ್ರಫ್ ಗೆದ್ದದ್ದು 745 ವೋಟಿನಲ್ಲಿ. ಗೆದ್ದ ಅಶ್ರಫ್ ತಿರುವನಂತಪುರದ ಸಭೆಯಲ್ಲಿ ಕನ್ನಡದಲ್ಲಿ ಪ್ರಮಾಣವಚನ ತೆಗೆದುಕೊಂಡರು. ಅವರಿಗೆ ವೋಟು ಹಾಕದವರೂ ಆ ವಿಡಿಯೋವನ್ನು ಎರಡು ಸಲ ನೋಡಿದ್ದಾರೆ. 89 ವೋಟು ಅಂದರೆ ನಮ್ಮ ಬೈಲಿನ ಮನೆಗಳ ವೋಟು. ಹಾಗಾಗಿ ಪಟ್ಟಿಯಲ್ಲಿ ಹೆಸರು ಸರಿ ಇದೆಯಾ ಅನ್ನುವುದು ನಮಗೆ ಸಣ್ಣ ವಿಷಯ ಅಲ್ಲ.

ಇಲ್ಲಿಗೆ ಬಂತು ನೋಡು ನಮ್ಮ ನಿಜವಾದ ತಲೆನೋವು.

ಅಪ್ಪನ ಹೆಸರು ನಾರಾಯಣ. ಮಲಯಾಳದಲ್ಲಿ ಗಂಡಸರ ಇಂಥ ಹೆಸರಿನ ಕೊನೆಗೆ ‘ನ್’ ಸೇರುತ್ತದೆ. ರಾಮ ಅಲ್ಲಿ ರಾಮನ್, ಕೃಷ್ಣ ಕೃಷ್ಣನ್. ಅದು ಆ ಭಾಷೆಯ ನಡೆ, ಅದರಲ್ಲಿ ತಪ್ಪೇನಿಲ್ಲ. ನಮ್ಮ ಮಂಜೇಶ್ವರವನ್ನೂ ಅವರು ಮಂಜೇಶ್ವರಂ ಅನ್ನುತ್ತಾರೆ. ಆದರೆ ಕಂಪ್ಯೂಟರಿಗೆ ನಾರಾಯಣ ಒಬ್ಬ, ನಾರಾಯಣನ್ ಇನ್ನೊಬ್ಬ. ಅಪ್ಪನ ಶಾಲೆಯ ದಾಖಲೆಯಲ್ಲಿ ನಾರಾಯಣ, ರೇಷನ್ ಕಾರ್ಡಿನಲ್ಲಿ ನಾರಾಯಣನ್, ಆಧಾರಿನಲ್ಲಿ ಮತ್ತೆ ನಾರಾಯಣ, ವೋಟರ್ ಕಾರ್ಡಿನಲ್ಲಿ ನಾರಾಯಣನ್. ನನ್ನ ಅಂಕಪಟ್ಟಿಯಲ್ಲಿರುವ ತಂದೆಯ ಹೆಸರು ತಂಗಿಯ ಕಾಗದಗಳಲ್ಲಿ ಇಲ್ಲ. ಅವಳ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದಾಗ ‘ಇಬ್ಬರೂ ಒಬ್ಬರೇ’ ಅಂತ ಸರ್ಟಿಫಿಕೇಟು ತರಬೇಕಾಯಿತು. ಹೌದು, ಹಾಗೊಂದು ಸರ್ಟಿಫಿಕೇಟೇ ಇದೆ. ಅದಕ್ಕೆ ಮೂರು ದಿನದ ಕೂಲಿ ಹೋಯಿತು.

ಅಪ್ಪ ಮಲಯಾಳ ಚೆನ್ನಾಗಿ ಮಾತಾಡುತ್ತಾರೆ. ಓದಲು ಬಾರದು, ಓದಿದ್ದು ಕನ್ನಡ ಶಾಲೆಯಲ್ಲಿ. ಅರ್ಜಿ ಹಾಕುವ ಕಡೆ ಮಾನಿಟರನ್ನು ಅವರ ಕಡೆ ತಿರುಗಿಸಿ “ನೋಡಿ, ಸರಿ ಉಂಟಾ” ಅಂತ ಕೇಳುತ್ತಾರೆ. ಪೂರ್ತಿ ಮಲಯಾಳ. ಅಪ್ಪ ಕನ್ನಡಕ ಸರಿಮಾಡಿಕೊಂಡು ನೋಡುವಷ್ಟರಲ್ಲಿ ಹಿಂದಿನವರು ಅವಸರ ಮಾಡುತ್ತಾರೆ. 1969ರ ಕೇರಳ ಅಧಿಕೃತ ಭಾಷೆಗಳ ಕಾಯ್ದೆಯಲ್ಲೇ ಕನ್ನಡದವರು ಸರ್ಕಾರಕ್ಕೆ ಕನ್ನಡದಲ್ಲಿ ಬರೆದು ಕನ್ನಡದಲ್ಲೇ ಉತ್ತರ ಪಡೆಯಬಹುದು ಅಂತ ಇದೆ. ನಾವೇನೂ ಹೊಸದಾಗಿ ಬೇಡುತ್ತಿಲ್ಲ. ಆದರೂ ಕನ್ನಡದ ಫಾರಂ ಕೇಳಿದಾಗೆಲ್ಲ “ಮುಗಿದಿದೆ, ಇದರಲ್ಲೇ ಬರೆಯಿರಿ” ಅನ್ನುವ ಮಾತು ಕೇಳಿ ಕೇಳಿ ಸಾಕಾಗಿದೆ. ಕಾನೂನು ಕೊಟ್ಟ ಹಕ್ಕನ್ನು ಕೌಂಟರಿನಲ್ಲಿ ದಾಕ್ಷಿಣ್ಯ ಅನ್ನುವ ಹಾಗೆ ಕೇಳಬೇಕಾಗುವುದು ನನಗೆ ಬಹಳ ಬೇಜಾರಿನ ಸಂಗತಿ.

2024ರ ಏಪ್ರಿಲ್ 26. ಲೋಕಸಭೆಗೆ ಮತದಾನ. ಅದೇ ದಿನ ಅತ್ತ ದಕ್ಷಿಣ ಕನ್ನಡದಲ್ಲೂ ವೋಟು, ಬಂಟ್ವಾಳದ ಅತ್ತಿಗೆಯೂ ನಾವೂ ಒಂದೇ ಹೊತ್ತಿಗೆ ಸಾಲಿನಲ್ಲಿ. ನಮ್ಮ ಬೂತಿನಲ್ಲಿ ದಕ್ಷಿಣದ ಜಿಲ್ಲೆಯಿಂದ ಬಂದ ಅಧಿಕಾರಿ ಪಟ್ಟಿ ನೋಡಿ ಗಟ್ಟಿಯಾಗಿ ಓದಿದರು, “ನಾರಾಯಣನ್!” ಅಪ್ಪ “ನಾರಾಯಣ” ಅಂದರು. ಅವರು ತಲೆ ಎತ್ತಿ ನೋಡಿ ಮತ್ತೆ “ನಾರಾಯಣನ್?” ಅಂದರು. ಅಪ್ಪನೂ ಮತ್ತೆ “ನಾರಾಯಣ.” ದನಿ ಏರಿಸಲಿಲ್ಲ. ರಿಜಿಸ್ಟರಿನಲ್ಲಿ ಕನ್ನಡದಲ್ಲಿ ಸಹಿ ಹಾಕಿದರು. ಕೊನೆಯ ‘ಣ’ವನ್ನು ಯಾವತ್ತಿಗಿಂತ ಸ್ವಲ್ಪ ದೊಡ್ಡದಾಗಿ ಬರೆದದ್ದನ್ನು ಹಿಂದೆ ನಿಂತಿದ್ದ ನಾನು ನೋಡಿದೆ. ಆ ಅಧಿಕಾರಿ ಒಳ್ಳೆಯವರು, ನಕ್ಕು ಬೆರಳಿಗೆ ಶಾಯಿ ಹಾಕಿಸಿದರು.

2025ರ ನವೆಂಬರಿನಲ್ಲಿ ಕೇರಳದಲ್ಲಿ ಮತದಾರರ ಪಟ್ಟಿಯ ತೀವ್ರ ಪರಿಷ್ಕರಣೆ ಶುರುವಾಯಿತು. 2002ರ ಪಟ್ಟಿಯಲ್ಲಿ ಹೆಸರು ಹುಡುಕಿ ತೋರಿಸಬೇಕಿತ್ತು. ಹಳೆಯ ಪಟ್ಟಿಯಲ್ಲಿ ಅಪ್ಪ ನಾರಾಯಣ, ಕೈಯಲ್ಲಿರುವ ಕಾರ್ಡಿನಲ್ಲಿ ನಾರಾಯಣನ್. ಆ ರಾತ್ರಿ ಅಪ್ಪ ನಿದ್ದೆ ಮಾಡಲಿಲ್ಲ. ಊಟದ ಮೇಜಿನ ಮೇಲೆ ಹಳೆಯ ತಗಡಿನ ಪೆಟ್ಟಿಗೆ ತೆರೆದು ಅಜ್ಜನ ಕಾಲದ ಭೂಮಿಯ ಕಾಗದ, ತೀರ್ವೆ ಅಂದರೆ ಕಂದಾಯದ ರಶೀದಿ ಎಲ್ಲ ಸಾಲಾಗಿ ಇಟ್ಟುಕೊಂಡು ಕೂತಿದ್ದರು. ಬಿಎಲ್‌ಒ, ಅಂದರೆ ಬೂತಿನ ಪಟ್ಟಿ ನೋಡಿಕೊಳ್ಳುವವರು, ನಮ್ಮ ಊರಿನ ಅಂಗನವಾಡಿ ಟೀಚರ್, ಅಪ್ಪನನ್ನು ಚಿಕ್ಕಂದಿನಿಂದ ಬಲ್ಲವರು. ಅವರ ದಯೆಯಿಂದ ಹೆಸರು ಉಳಿಯಿತು. ಟೀಚರ್ ಬೇರೆ ಊರಿನವರಾಗಿದ್ದರೆ ಅಂತ ಯೋಚಿಸಿದಾಗ ಈಗಲೂ ಹೊಟ್ಟೆ ತೊಳಸುತ್ತದೆ.

ಇದನ್ನೆಲ್ಲ ಹಿಂದೊಮ್ಮೆ ಹೇಳಿದಾಗ ನೀನು ಏನಂದೆ ನೆನಪಿದೆಯಾ? “ಅಷ್ಟು ಕಷ್ಟ ಇದ್ರೆ ಕರ್ನಾಟಕಕ್ಕೇ ಬಂದುಬಿಡು.” ಬಂದು ಎಲ್ಲಿರಲಿ? 2020ರ ಮಾರ್ಚಿನಲ್ಲಿ ಕೊರೋನಾ ಬಂದಾಗ ಕರ್ನಾಟಕ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿತು. ನಮ್ಮ ಹೆರಿಗೆ, ಡಯಾಲಿಸಿಸ್, ಹಾರ್ಟು, ಎಲ್ಲಕ್ಕೂ ಮಂಗಳೂರೇ ಗತಿ. ಆಂಬುಲೆನ್ಸು ದಾಟಲಾಗದೆ ಜನ ಸತ್ತರು. ಅತ್ತ ನಾವು ಕನ್ನಡದವರು, ಇತ್ತ ನಾವು ಕೇರಳದವರು. ಅಜ್ಜನನ್ನು ಸುಟ್ಟ ಜಾಗ ಇಲ್ಲಿದೆ. ಗುಡ್ಡೆಯ ಮೇಲೆ ಭೂತದ ಗುಡಿ ಇದೆ. ನನ್ನ ಜೊತೆ ಜಗಳ ಆಡುವ ಮಲಯಾಳಿ ಗೆಳೆಯರೂ ಇಲ್ಲೇ ಇದ್ದಾರೆ. ವೋಟರ್ ಕಾರ್ಡಿನ ಹೆಸರು ತಿದ್ದಿಸುವ ಫಾರಂ ನಂಬ್ರ 8 ತುಂಬಲು ನನ್ನ ಜೊತೆ ಕೂತವನು ಅವರಲ್ಲೊಬ್ಬ, ಪಯ್ಯನ್ನೂರಿನವನು. ಮಲಯಾಳದ ಪ್ರತಿ ಸಾಲನ್ನೂ ಅಪ್ಪನಿಗೆ ಗಟ್ಟಿಯಾಗಿ ಓದಿ ಹೇಳಿ ಆಮೇಲೇ ಕಳಿಸಿದ. ನಾನು ಇಲ್ಲಿಯವನು ಕಣೋ. ನನ್ನ ಊರಿನಲ್ಲಿ ನನ್ನ ಹೆಸರು ಸರಿಯಾಗಿ ಬರೆಯಿರಿ ಅನ್ನುವುದು ಊರು ಬಿಡಲು ಕಾರಣ ಆಗಬಾರದು.

ಹೊಸ ಕಾರ್ಡು ಹೋದ ವಾರ ಅಂಚೆಯಲ್ಲಿ ಬಂತು. ಅಪ್ಪ ಮಲಯಾಳದಲ್ಲಿ ಗುರುತು ಹಿಡಿಯುವ ಅಕ್ಷರ ಒಂದೇ, ಬಲತುದಿಯಲ್ಲಿ ಬಾಲವನ್ನು ಮೇಲಕ್ಕೆ ಎತ್ತಿಕೊಂಡ ಆ ‘ನ್’. ಜಗಲಿಯ ಬೆಳಕಿಗೆ ಕಾರ್ಡು ಹಿಡಿದು, ಹೆಸರಿನ ತುದಿಗೆ ಹೆಬ್ಬೆರಳು ಇಟ್ಟು ತುಂಬಾ ಹೊತ್ತು ನೋಡಿದರು. ಬಾಲ ಇರಲಿಲ್ಲ. ಕಾರ್ಡನ್ನು ಅಂಗಿಯ ತುದಿಯಲ್ಲಿ ಒರೆಸಿ ಜೇಬಿಗೆ ಹಾಕಿಕೊಂಡು ಒಳಗೆ ಕೂಗಿದರು, ಅಮ್ಮನಿಗೆ. ರೇಷನ್ ಕಾರ್ಡು ಎಲ್ಲಿಟ್ಟಿದ್ದೀ, ನಾಳೆ ಅದನ್ನು ಹಿಡಿದುಕೊಂಡು ಹೋಗುವುದುಂಟು ಅಂತ.