ಅಲೆ ಎಳೆಯ ಶೀಶಂ ಹಲಗೆಗೆ ಹಚ್ಚಿದ ಅಗಸೆ ಎಣ್ಣೆ ತಿಂಗಳಾದರೂ ಅಂಟುತ್ತಿದೆ. ಮೇಲೆ ವಾರ್ನಿಷ್ ಹೊಡೆಯಬಹುದೇ?

ವಾರ್ನಿಷ್ ಹೊಡೆಯಬೇಡಿ. ಬೀದರಿನಲ್ಲಿ ನೀವೇ ಮಾಡಿದ ಟೀಪಾಯಿಯ ಶೀಶಂ ಹಲಗೆಗೆ ಗಾಣದಿಂದ ತಂದ ಶುದ್ಧ ಅಗಸೆ ಎಣ್ಣೆಯನ್ನು ನಾಲ್ಕು ಸಲ ಹಚ್ಚಿದ್ದೀರಿ; ತಿಂಗಳಾದರೂ ಕೈಗೆ ಅಂಟುತ್ತದೆ, ಮಧ್ಯಾಹ್ನದ ಹೊತ್ತಿಗೆ ಸಣ್ಣ ಹನಿಗಳು ಮೇಲೇಳುತ್ತವೆ, ಎಳೆ ಸುತ್ತಿಕೊಂಡ ಕಡೆ ಕಪ್ಪು ಮಚ್ಚೆ ಕಾಣುತ್ತದೆ ಎಂದು ಬರೆದಿದ್ದೀರಿ. ಹಸಿ ಎಣ್ಣೆಯ ಮೇಲೆ ವಾರ್ನಿಷ್ ಕೂತರೆ ಅದು ಸುಕ್ಕುಗಟ್ಟುತ್ತದೆ ಅಥವಾ ಸಿಪ್ಪೆಯಂತೆ ಏಳುತ್ತದೆ. ಆಮೇಲೆ ಎರಡನ್ನೂ ಕೆರೆಯಬೇಕಾಗುತ್ತದೆ. ಕಲಬುರಗಿಯಲ್ಲಿ ಕಟ್ಟಿಗೆ ಕೆಲಸ ಮಾಡುವ ನಾನು ಈ ತಪ್ಪನ್ನು ಒಮ್ಮೆ ಮಾಡಿಯೇ ಕಲಿತಿದ್ದೇನೆ.

ಎಣ್ಣೆಯ ಶುದ್ಧತೆ ಇಲ್ಲಿ ನಿಮಗೆ ನೆರವಾಗಿಲ್ಲ. ಅಗಸೆ ಎಣ್ಣೆ ನೀರಿನಂತೆ ಆವಿಯಾಗಿ ಒಣಗುವುದಿಲ್ಲ. ಗಾಳಿಯ ಆಮ್ಲಜನಕವನ್ನು ಹೀರಿ, ಅದರ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗುತ್ತದೆ. ಗಾಣದ ಹಸಿ ಎಣ್ಣೆಯಲ್ಲಿ ಈ ಕ್ರಿಯೆ ಬಹಳ ನಿಧಾನ. ಬಣ್ಣದ ಅಂಗಡಿಯಲ್ಲಿ ಡಬಲ್ ಬಾಯ್ಲ್ಡ್ ಎಂದು ಸಿಗುವ ಎಣ್ಣೆಗೆ ಸಾಮಾನ್ಯವಾಗಿ ಕೋಬಾಲ್ಟ್, ಮ್ಯಾಂಗನೀಸ್‌ನಂಥ ಲೋಹಗಳ ಲವಣ ಬೆರೆಸಿರುತ್ತಾರೆ. ಆದ್ದರಿಂದಲೇ ಅದು ಬೇಗ ಒಣಗುತ್ತದೆ. ನಮ್ಮ ಕಡೆಯ ಕುಸುಬೆ ಎಣ್ಣೆಯೂ ಒಣಗುತ್ತದೆ, ಆದರೆ ಅಗಸೆಗಿಂತ ನಿಧಾನವಾಗಿ. ಶೇಂಗಾ ಎಣ್ಣೆ ಎಂದಿಗೂ ಗಟ್ಟಿಯಾಗದು. ನಿಮ್ಮೂರಿನ ಬಿದ್ರಿ ಕೆಲಸದವರು ಕೊನೆಯಲ್ಲಿ ಎಣ್ಣೆ ಉಜ್ಜುವುದನ್ನು ನೋಡಿ ಯಾವ ಎಣ್ಣೆಯಾದರೂ ಸರಿ ಎಂದುಕೊಳ್ಳುವವರಿದ್ದಾರೆ. ಅಲ್ಲಿ ಎಣ್ಣೆಯ ಕೆಲಸ ಲೋಹದ ಕಪ್ಪನ್ನು ಗಾಢವಾಗಿಸುವುದಷ್ಟೇ, ಅದು ಒಣಗಿ ಪದರವಾಗಬೇಕಿಲ್ಲ.

ಎರಡನೆಯ ಕಾರಣ ಮರದಲ್ಲೇ ಇರಬಹುದು. ಶೀಶಂ, ಬೀಟೆ ಎರಡೂ ಡಾಲ್ಬರ್ಜಿಯಾ ಜಾತಿಯವು. ಈ ಮರಗಳ ಕೆಚ್ಚಿನಲ್ಲಿರುವ ಕೆಲವು ಸಹಜ ರಾಸಾಯನಿಕಗಳು ಆಮ್ಲಜನಕದೊಡನೆ ಎಣ್ಣೆ ಕೂಡುವುದನ್ನೇ ತಡೆಯುತ್ತವೆ. ನಾನು ಬೀಟೆಯ ಪೆಟ್ಟಿಗೆಯೊಂದರ ಮುಚ್ಚಳಕ್ಕೆ ಡಬಲ್ ಬಾಯ್ಲ್ಡ್ ಎಣ್ಣೆಯನ್ನೇ ಹಚ್ಚಿ ಮೂರು ವಾರ ಕಾದೆ; ಅದೇ ದಿನ ಅದೇ ಡಬ್ಬಿಯಿಂದ ಹಚ್ಚಿದ್ದ ಮಾವಿನ ಹಲಗೆ ಎಂದೋ ಒಣಗಿತ್ತು, ಮುಚ್ಚಳ ಮಾತ್ರ ಬೆಲ್ಲದ ಪಾಕದಂತಿತ್ತು. ಹೀಗಾಗಿ ಮೊದಲು ಒಂದು ಪರೀಕ್ಷೆ ಮಾಡಿ: ನಿಮ್ಮ ಎಣ್ಣೆಯನ್ನು ಗಾಜಿನ ಚೂರಿನ ಮೇಲೆ ತೆಳುವಾಗಿ ಸವರಿ, ಗಾಳಿಯಾಡುವ ಜಾಗದಲ್ಲಿ ವಾರ ಇಡಿ. ಗಾಜಿನ ಮೇಲೆ ಒಣಗಿ ಹಲಗೆಯ ಮೇಲೆ ಒಣಗದಿದ್ದರೆ ಮರವನ್ನೋ ಪದರದ ದಪ್ಪವನ್ನೋ ಶಂಕಿಸಬೇಕು; ಎರಡೂ ಕಡೆ ಹಸಿಯಾಗಿಯೇ ಉಳಿದರೆ ಎಣ್ಣೆಯದೇ ದೋಷ.

ಹನಿಗಳ ಕಥೆ ಬೇರೆ. ಶೀಶಂನ ರಂಧ್ರಗಳು ದೊಡ್ಡವು, ಅವುಗಳ ತುಂಬ ಎಣ್ಣೆ ಕುಡಿಸಿದ್ದೀರಿ. ನಮ್ಮ ಬೇಸಿಗೆಯಲ್ಲಿ 40 ಡಿಗ್ರಿ ದಾಟಿದಾಗ ಒಳಗಿನ ಎಣ್ಣೆ ತೆಳುವಾಗಿ, ಹಿಗ್ಗಿ, ಹೊರಗೆ ಬರುತ್ತದೆ. ಬೇಗ ಒಣಗಲೆಂದು ಬಿಸಿಲಿಗಿಟ್ಟಷ್ಟೂ ಅದು ಹೆಚ್ಚುತ್ತದೆ.

ಕಪ್ಪು ಮಚ್ಚೆಯ ವಿಷಯದಲ್ಲಿ ಸ್ವಲ್ಪ ಎಚ್ಚರ ಬೇಕು, ಏಕೆಂದರೆ ಅದರಲ್ಲಿ ಒಂದಷ್ಟು ದೋಷವೇ ಅಲ್ಲ. ಎಳೆ ಅಲೆಯಾಗಿ ಏರಿಳಿಯುವ ಹಲಗೆಯಲ್ಲಿ ಕೆಲವೆಡೆ ಎಳೆಗಳ ಬಾಯಿ ಮೇಲ್ಮುಖವಾಗಿ ತೆರೆದಿರುತ್ತದೆ. ಅಲ್ಲಿ ಎಣ್ಣೆ ಆಳಕ್ಕೆ ಇಳಿದು ಕಪ್ಪಾಗುತ್ತದೆ, ಪಕ್ಕದಲ್ಲಿ ಎಳೆ ಮಲಗಿರುವಲ್ಲಿ ತಿಳಿಯಾಗಿರುತ್ತದೆ, ನೀವು ತಲೆ ಆಡಿಸಿದಂತೆ ಬೆಳಕೂ ಆಡುವುದು ಇದರಿಂದಲೇ. ಆ ಹಲಗೆಯನ್ನು ನೀವು ಆರಿಸಿದ್ದೂ ಬಹುಶಃ ಅದಕ್ಕಾಗಿಯೇ. ಹಲಗೆಯನ್ನು ಕಿಟಕಿಯ ಎದುರು ತಿರುಗಿಸಿ ನೋಡಿ: ಕಪ್ಪು ಜಾಗ ಬದಲಾದರೆ ಅದು ಎಳೆಯ ಆಟ, ಬಿಟ್ಟುಬಿಡಿ, ಯಾವ ದಿಕ್ಕಿನಿಂದಲೂ ಕಪ್ಪಾಗಿಯೇ ಇದ್ದರೆ ಅದು ಮಚ್ಚೆ. ಮೊಂಡು ಅಲಗಿನ ರಂದಾ ಇಂಥ ಎಳೆಯನ್ನು ಕತ್ತರಿಸದೆ ಕಿತ್ತು ಜಜ್ಜಿಬಿಡುತ್ತದೆ. ಜಜ್ಜಿದ ಜಾಗ ಎಣ್ಣೆಯನ್ನು ಸ್ಪಂಜಿನಂತೆ ಕುಡಿಯುತ್ತದೆ. ಅದಕ್ಕೆ ಹರಿತವಾದ ಉಕ್ಕಿನ ಸ್ಕ್ರೇಪರ್‌ನಿಂದ ಹೆರೆದು ಮಟ್ಟ ಮಾಡುವುದೇ ಉತ್ತಮ.

ಈಗ ಸರಿಪಡಿಸುವ ದಾರಿ. ಟರ್ಪೆಂಟೈನ್‌ನಲ್ಲಿ ಅದ್ದಿದ ಒರಟು ಬಟ್ಟೆಯಿಂದ ಅಂಟನ್ನು ಉಜ್ಜಿ ತೆಗೆಯಿರಿ. ಬಿಡದ ಕಡೆ ಥಿನ್ನರ್ ಬಳಸಿ, ಬಾಗಿಲು ಕಿಟಕಿ ತೆರೆದಿಟ್ಟು, ಬೆಂಕಿಯಿಂದ ದೂರವಿದ್ದು. ಎಣ್ಣೆ ಮೆತ್ತಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಶಾಖ ಹುಟ್ಟುತ್ತದೆ, ಮುದ್ದೆಯೊಳಗೆ ಆ ಶಾಖ ಸಿಕ್ಕಿಕೊಂಡು ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಲ್ಲದು; ಹೊರಗೆ ಒಂದೊಂದಾಗಿ ಹರವಿ ಒಣಗಿಸಿ. ಹಲಗೆಯನ್ನು ನೆರಳಿನಲ್ಲಿ, ಫ್ಯಾನಿನ ಕೆಳಗೆ ಎರಡು ವಾರ ಬಿಡಿ, ಹನಿ ಎದ್ದಾಗಲೆಲ್ಲ ಒರೆಸಿ. ಹನಿ ನಿಂತ ಮೇಲೆ ಸ್ಕ್ರೇಪರ್ ಆಡಿಸಿ 180ರಿಂದ 320ರವರೆಗೆ ಸ್ಯಾಂಡ್‌ಪೇಪರ್ ಉಜ್ಜಿ. ಮೇಲೆ ಒಮ್ಮೆ ಟರ್ಪೆಂಟೈನ್ ಒರೆಸಿದರೆ ಎಣ್ಣೆ ಹಚ್ಚಿದಾಗಿನ ರೂಪ ಕೆಲ ನಿಮಿಷ ಕಾಣುತ್ತದೆ. ಉಳಿದ ಮಚ್ಚೆಗಳು ಆಗಲೇ ಸಿಗುತ್ತವೆ.

ಮತ್ತೆ ಎಣ್ಣೆ ಹಚ್ಚುವ ಮುನ್ನ, ಗಾಜಿನ ಪರೀಕ್ಷೆ ಮರದ ಕಡೆ ಬೆರಳು ತೋರಿದ್ದರೆ, ಅರಗಿನ ಚೂರನ್ನು ಸ್ಪಿರಿಟ್‌ನಲ್ಲಿ ಕರಗಿಸಿ, ಮೇಣ ತಳಕ್ಕೆ ಇಳಿದ ಮೇಲಿನ ತಿಳಿಯನ್ನಷ್ಟೇ ಎರಡು ಸಲ ತೆಳುವಾಗಿ ಹಚ್ಚಿ. ಅದು ಮರದ ರಾಸಾಯನಿಕಕ್ಕೂ ಎಣ್ಣೆಗೂ ನಡುವೆ ತಡೆಯಾಗುತ್ತದೆ, ಎಳೆಯ ಬೆಳಕೂ ಕೆಡುವುದಿಲ್ಲ. ಬರೀ ಅರಗಿನ ಮೇಲೆ ಬಿಸಿ ಚಹಾ ಲೋಟ ಇಟ್ಟರೆ ಬಿಳಿ ಉಂಗುರ ಬೀಳುವುದರಿಂದ ಟೀಪಾಯಿಗೆ ಅಷ್ಟೇ ಸಾಲದು. ಅದರ ಮೇಲೆ ಡಬಲ್ ಬಾಯ್ಲ್ಡ್ ಎಣ್ಣೆ, ವಾರ್ನಿಷ್, ಟರ್ಪೆಂಟೈನ್ ಸಮಪಾಲು ಬೆರೆಸಿದ್ದನ್ನು ಬಟ್ಟೆಯಿಂದ ಸವರಿ, ಹದಿನೈದು ನಿಮಿಷದೊಳಗೆ ಕೈಗೆ ಹತ್ತದಂತೆ ಪೂರ್ತಿ ಒರೆಸಿಬಿಡಿ. ಒಂದು ಪದರ ಒಣಗಿದ ಮೇಲಷ್ಟೇ ಇನ್ನೊಂದು, ಒಟ್ಟು ಮೂರು. ಮಳೆಗಾಲದ ತೇವದಲ್ಲಿ ಪ್ರತಿ ಪದರಕ್ಕೂ ಹೆಚ್ಚು ದಿನ ಬೇಕಾಗುವುದರಿಂದ ಜೂನ್‌ಗೆ ಮೊದಲೇ ಮುಗಿಸಿಕೊಳ್ಳಿ.